ಮರೆತುಹೋದ ಸಮಾಧಾನಯಜ್ಞ

ಚೆನ್ನೈನ ಪಲ್ಲಾವರಂಗೂ ಸೇಂಟ್ ಥಾಮಸ್ ಮೌಂಟಿಗೂ ಸೇರಿ ಒಂದೇ ಕಂಟೋನ್ಮೆಂಟ್ ಬೋರ್ಡು. ತಮಿಳರು ಪರಂಗಿಮಲೈ ಎಂದು ಕರೆಯುವ ಆ ಗುಡ್ಡದ ನೆತ್ತಿಯಲ್ಲಿ ಪೋರ್ಚುಗೀಸರು 1523ರಲ್ಲಿ ಕಟ್ಟಿದ ಚರ್ಚು ಇದೆ. 1547ರಲ್ಲಿ ಅಲ್ಲಿ ನೆಲ ಅಗೆಯುವಾಗ ಒಂದು ಕಲ್ಲಿನ ಶಿಲುಬೆ ಸಿಕ್ಕಿತು. ಅದರ ಸುತ್ತ ಪಹ್ಲವಿ ಲಿಪಿಯ ಬರಹ, ತೋಳುಗಳ ತುದಿಯಲ್ಲಿ ಅರಳುವ ಮೊಗ್ಗು, ಮೇಲಿನಿಂದ ಇಳಿಯುತ್ತಿರುವ ಪಾರಿವಾಳ. ಯೇಸುವಿನ ದೇಹ ಅದರ ಮೇಲೆ ಇಲ್ಲ. ಮೊಳೆಯೂ ಇಲ್ಲ, ಗಾಯವೂ ಇಲ್ಲ. ಪರ್ಷಿಯದ ಸಭೆಯೊಂದಿಗೆ ನಂಟಿದ್ದ ಕ್ರೈಸ್ತರು ಶಿಲುಬೆಯನ್ನು ಕಂಡದ್ದು ಹಾಗೆ. 1558ರ ಡಿಸೆಂಬರ್ 18ರಂದು ಪೂಜೆ ನಡೆಯುತ್ತಿದ್ದಾಗ ಇದೇ ಕಲ್ಲು ರಕ್ತ ಬೆವರಿತು, 1704ರವರೆಗೂ ಆಗಾಗ ಬೆವರುತ್ತಲೇ ಇತ್ತು ಎಂಬುದು ಚರ್ಚಿನ ಪರಂಪರೆ. ಅಪೊಸ್ತಲ ತೋಮನು ಈಟಿಯ ತಿವಿತಕ್ಕೆ ಸಿಕ್ಕಿ ಪ್ರಾಣ ಬಿಟ್ಟದ್ದು ಈ ಗುಡ್ಡದ ಮೇಲೆಯೇ ಎಂದೂ ಭಕ್ತರು ನಂಬುತ್ತಾರೆ.

ಪಾರಿವಾಳದ ಶಿಲುಬೆ ಒಂದು ಕಡೆ, ರಕ್ತದ ಶಿಲುಬೆ ಇನ್ನೊಂದು ಕಡೆ. ಕ್ರೈಸ್ತಧರ್ಮದಲ್ಲಿ ಪ್ರಾಣಿಬಲಿಯ ವಿಧಿಯಿಲ್ಲ. ಆದರೂ ಅದರ ಮಾತೆಲ್ಲ ಬಲಿಯ ಮಾತು. ಕುರಿಮರಿ, ರಕ್ತ, ಯಾಜಕ, ಬಲಿಪೀಠ, ಪ್ರಾಯಶ್ಚಿತ್ತ, ಇವಿಷ್ಟನ್ನು ತೆಗೆದರೆ ಅದರ ಪ್ರಾರ್ಥನೆ, ಹಾಡುಗಳಲ್ಲಿ ಉಳಿಯುವುದು ಸ್ವಲ್ಪವೇ. ಈ ಪದಗಳೆಲ್ಲ ಯೆಹೂದ್ಯರ ಧರ್ಮಶಾಸ್ತ್ರದಿಂದ, ಅದರಲ್ಲೂ ಯಾಜಕಕಾಂಡದಿಂದ ಬಂದವು. ಹಾಗಾದರೆ ಹೊಸ ನಂಬಿಕೆ ಹಳೆಯ ಬಲಿನಿಯಮವನ್ನು ರದ್ದು ಮಾಡಿತೇ, ಪೂರ್ತಿ ಮಾಡಿತೇ, ಅಥವಾ ಬೇರೆ ರೂಪದಲ್ಲಿ ಮುಂದುವರಿಸಿತೇ? ಎರಡು ಸಾವಿರ ವರ್ಷಗಳಿಂದ ಈ ಮೂರು ಉತ್ತರಗಳಿಗೂ ವಕೀಲರಿದ್ದಾರೆ. ನನಗೆ ಕಾಣುವಂತೆ ಮೂವರೂ ಬಲಿನಿಯಮದ ಒಂದೇ ಭಾಗದ ಮೇಲೆ ಕಣ್ಣು ನೆಟ್ಟು, ಇನ್ನೊಂದು ಭಾಗವನ್ನು ಬದಿಗೆ ಸರಿಸಿದ್ದಾರೆ.

ಮೊದಲು ಆ ನಿಯಮ ಏನು ಹೇಳುತ್ತದೆ ಎಂದು ನೋಡಬೇಕು. ಯಾಜಕಕಾಂಡದ ಮೊದಲ ಏಳು ಅಧ್ಯಾಯಗಳಲ್ಲಿ ಐದು ಬಗೆಯ ಕಾಣಿಕೆಗಳಿವೆ. ಸರ್ವಾಂಗಹೋಮದಲ್ಲಿ ಇಡೀ ಪ್ರಾಣಿ ಬೆಂಕಿಗೆ ಹೋಗುತ್ತದೆ. ಧಾನ್ಯನೈವೇದ್ಯದಲ್ಲಿ ಹಿಟ್ಟು, ಎಣ್ಣೆ, ಧೂಪ. ದೋಷಪರಿಹಾರಕಯಜ್ಞ ಮತ್ತು ಪ್ರಾಯಶ್ಚಿತ್ತಯಜ್ಞಗಳು ತಪ್ಪು ಮತ್ತು ಅಶುದ್ಧಿಗೆ ಸಂಬಂಧಪಟ್ಟವು. ಐದನೆಯದು ಸಮಾಧಾನಯಜ್ಞ, ಅದರಲ್ಲಿ ಕೊಬ್ಬು ದೇವರಿಗೆ, ಎದೆಯ ಭಾಗವೂ ಬಲತೊಡೆಯೂ ಯಾಜಕರಿಗೆ, ಉಳಿದ ಮಾಂಸವೆಲ್ಲ ತಂದವನಿಗೂ ಅವನ ಜನಕ್ಕೂ. ಕೃತಜ್ಞತೆಗಾಗಿ ಕೊಟ್ಟದ್ದಾದರೆ ಅದೇ ದಿನ ತಿಂದು ಮುಗಿಸಬೇಕು, ಬೆಳಗಿನವರೆಗೆ ಉಳಿಸಬಾರದು. ಒಂದು ಮನೆಯವರು ಇಡೀ ಕುರಿಯನ್ನು ಒಂದೇ ದಿನದಲ್ಲಿ ತಿಂದು ಮುಗಿಸಲಾರರು. ನೆಂಟರು, ನೆರೆಯವರು, ಹಸಿದವರು ಬರಲೇಬೇಕು. ಊಟಕ್ಕೆ ಜನರನ್ನು ಕರೆಸುವ ಕಟ್ಟಳೆ ಆ ಒಂದು ಗಡುವಿನಲ್ಲೇ ಅಡಗಿದೆ.

ಪಾಪದ ಬಲಿಯ ಬಗ್ಗೆಯೂ ಸಾಮಾನ್ಯ ತಿಳಿವಳಿಕೆ ಮೂಲಕ್ಕೆ ಪೂರ್ತಿ ಹೊಂದುವುದಿಲ್ಲ. ದೋಷಪರಿಹಾರಕಯಜ್ಞದ ರಕ್ತವನ್ನು ಪಾಪಿಯ ಮೈಮೇಲೆ ಹಚ್ಚುವುದಿಲ್ಲ. ಯಜ್ಞವೇದಿಯ ಕೊಂಬುಗಳಿಗೆ, ಗರ್ಭಗುಡಿಯ ತೆರೆಯ ಎದುರಿಗೆ ಹಚ್ಚುತ್ತಾರೆ, ಚಿಮುಕಿಸುತ್ತಾರೆ. ಜನರ ತಪ್ಪಿನಿಂದ ಮಲಿನವಾದ ಪವಿತ್ರಸ್ಥಳವನ್ನು ತೊಳೆಯುವ ಕ್ರಿಯೆ ಅದು ಎಂದು ಯಾಜಕಕಾಂಡಕ್ಕೆ ಮೂರು ದೊಡ್ಡ ಸಂಪುಟಗಳ ವ್ಯಾಖ್ಯಾನ ಬರೆದ ಜೇಕಬ್ ಮಿಲ್‌ಗ್ರೋಮ್ ವಾದಿಸಿದರು. ದೇವರು ಪಾಪಿಯ ಬದಲು ಪ್ರಾಣಿಯನ್ನು ಕೊಂದು ಸಿಟ್ಟು ತೀರಿಸಿಕೊಳ್ಳುತ್ತಾನೆ ಎಂಬ ಚಿತ್ರ ಅಲ್ಲಿ ಸಿಗುವುದು ಕಷ್ಟ. ಬೇಕೆಂದೇ ಸೊಕ್ಕಿನಿಂದ ಮಾಡಿದ ಪಾಪಕ್ಕೆ ಈ ದೈನಂದಿನ ಬಲಿಗಳಿಂದ ಪರಿಹಾರವಿಲ್ಲ ಎಂದು ಅರಣ್ಯಕಾಂಡ ಕಟ್ಟುನಿಟ್ಟಾಗಿ ಹೇಳುತ್ತದೆ. ವರ್ಷಕ್ಕೊಮ್ಮೆ ಬರುವ ದೋಷಪರಿಹಾರಕ ದಿನದಲ್ಲಿ ಎರಡು ಹೋತಗಳು. ಜನರ ಪಾಪವನ್ನು ಹೊರುವ ಹೋತವನ್ನು ಯಾಜಕಕಾಂಡದಲ್ಲಿ ಕೊಲ್ಲುವುದೇ ಇಲ್ಲ, ಜೀವಂತವಾಗಿ ಅರಣ್ಯಕ್ಕೆ ಅಟ್ಟುತ್ತಾರೆ. ಪಸ್ಕ ಹಬ್ಬದ ಕುರಿಗಂತೂ ಪಾಪಕ್ಷಮೆಯ ಜೊತೆ ನೇರ ಸಂಬಂಧವಿಲ್ಲ; ಅದು ಬಿಡುಗಡೆಯ ರಾತ್ರಿಯ ಊಟ.

ಇನ್ನೊಂದು ವಿವರ ನನ್ನನ್ನು ಬಹಳ ಹಿಡಿದು ನಿಲ್ಲಿಸಿದೆ. ಕುರಿ ತರಲು ಶಕ್ತಿಯಿಲ್ಲದವರು ಎರಡು ಬೆಳವಕ್ಕಿಗಳನ್ನೋ ಪಾರಿವಾಳದ ಮರಿಗಳನ್ನೋ ತರಬಹುದು. ಅದಕ್ಕೂ ಗತಿಯಿಲ್ಲದವರು ಏಫದ ಹತ್ತನೇ ಒಂದು ಪಾಲು, ಅಂದರೆ ಸುಮಾರು ಎರಡು ಲೀಟರು ಅಳತೆಯ ಗೋಧಿಹಿಟ್ಟು ತಂದರೆ ಸಾಕು, ಅದೇ ಅವರ ದೋಷಪರಿಹಾರಕಯಜ್ಞ, ಅವರಿಗೆ ಕ್ಷಮೆಯುಂಟು ಎಂದು ಐದನೇ ಅಧ್ಯಾಯ ಹೇಳುತ್ತದೆ. ಹಿಟ್ಟಿನಲ್ಲಿ ರಕ್ತವಿಲ್ಲ. ಬಡವನಿಗಾಗಿ ಧರ್ಮಶಾಸ್ತ್ರ ತನ್ನ ನಿಯಮವನ್ನೇ ಬಗ್ಗಿಸಿತು. ಮಗು ಯೇಸುವನ್ನು ದೇವಾಲಯಕ್ಕೆ ತಂದ ತಂದೆತಾಯಿ ಅರ್ಪಿಸಿದ್ದು ಎರಡು ಹಕ್ಕಿಗಳನ್ನು ಎಂದು ಲೂಕನು ದಾಖಲಿಸಿದ್ದಾನೆ. ಆ ಮನೆಯ ಆರ್ಥಿಕ ಸ್ಥಿತಿ ಇದರಿಂದಲೇ ತಿಳಿಯುತ್ತದೆ.

ಬಲಿಯ ಟೀಕೆಯನ್ನೂ ಕ್ರೈಸ್ತರು ಹೊಸದಾಗಿ ಕಂಡುಹಿಡಿಯಲಿಲ್ಲ. ಆಮೋಸ, ಹೋಶೇಯ, ಯೆಶಾಯರು ಯೇಸುವಿಗಿಂತ ಏಳುನೂರು ವರ್ಷ ಮೊದಲೇ ನ್ಯಾಯವಿಲ್ಲದ ಬಲಿಯನ್ನು ಖಂಡಿಸಿದ್ದರು. ಯೇಸು ಮತ್ತಾಯನ ಸುವಾರ್ತೆಯಲ್ಲಿ ಎರಡು ಬಾರಿ ಹೋಶೇಯನ 'ನನಗೆ ಬೇಕಾದದ್ದು ದಯೆ, ಬಲಿಯಲ್ಲ' ಎಂಬ ಮಾತನ್ನು ಎತ್ತಿಕೊಳ್ಳುತ್ತಾನೆ. ಹಾಗೆಂದು ಆತ ದೇವಾಲಯವನ್ನು ತೊರೆದವನಲ್ಲ. ಗುಣವಾದ ಕುಷ್ಠರೋಗಿಗೆ ಮೋಶೆ ವಿಧಿಸಿದ ಕಾಣಿಕೆ ಅರ್ಪಿಸೆಂದು ಹೇಳಿ ಕಳಿಸಿದ. ಕಾಣಿಕೆ ತಂದವನು ಮುನಿದ ಸಹೋದರನೊಡನೆ ಮೊದಲು ರಾಜಿಯಾಗಿ, ಆಮೇಲೆ ಮರಳಿ ಬಂದು ಅರ್ಪಿಸಲಿ ಎಂದ. ಮರಳಿ ಬಾ ಎಂಬುದನ್ನು ಉಪದೇಶಕರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಯೇಸು ತೀರಿಕೊಂಡು ಎರಡು ದಶಕಗಳ ಮೇಲೆ, ಪೌಲನೇ ಯೆರೂಸಲೇಮಿನ ದೇವಾಲಯದೊಳಗೆ ಹೋಗಿ, ಹರಕೆ ಹೊತ್ತ ನಾಲ್ವರ ಬಲಿಯ ಖರ್ಚು ವಹಿಸಿಕೊಂಡ ಸಂಗತಿ ಅಪೊಸ್ತಲರ ಕೃತ್ಯಗಳ 21ನೇ ಅಧ್ಯಾಯದಲ್ಲಿದೆ. ಶಿಲುಬೆಯ ಮರಣದೊಂದಿಗೆ ಬಲಿ ಆ ಕ್ಷಣವೇ ನಿಂತಿತು ಎಂದು ಮೊದಲ ತಲೆಮಾರಿನ ಶಿಷ್ಯರು ತಿಳಿದಿದ್ದರೆ ಈ ಘಟನೆ ಅರ್ಥವೇ ಆಗುವುದಿಲ್ಲ.

ಬಲಿಯನ್ನು ನಿಲ್ಲಿಸಿದ್ದು ರೋಮನ್ ಸೈನ್ಯ. ಕ್ರಿ.ಶ. 70ರಲ್ಲಿ ಟೈಟಸ್ ಯೆರೂಸಲೇಮನ್ನು ಹಿಡಿದು ದೇವಾಲಯ ಸುಟ್ಟಮೇಲೆ ಬೆಳಿಗ್ಗೆ ಸಂಜೆ ನಡೆಯುತ್ತಿದ್ದ ನಿತ್ಯಬಲಿಗೆ ಜಾಗವೇ ಇಲ್ಲವಾಯಿತು. ಆ ಬೂದಿಯ ಮುಂದೆ ಒಂದೇ ಮನೆಯ ಇಬ್ಬರು ಮಕ್ಕಳು ನಿಂತಿದ್ದರು: ರಬ್ಬಿಗಳ ಯೆಹೂದ್ಯಧರ್ಮ, ಯೇಸುವಿನ ಶಿಷ್ಯರ ಸಭೆ. ಬಲಿಯಿಲ್ಲದೆ ದೇವರ ಹತ್ತಿರ ಹೋಗುವುದು ಹೇಗೆ ಎಂಬ ಪ್ರಶ್ನೆ ಇಬ್ಬರಿಗೂ ಒಂದೇ.

ರಬ್ಬಿಗಳ ಉತ್ತರವನ್ನು ಕ್ರೈಸ್ತ ಓದುಗರು ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಪಾಳುಬಿದ್ದ ದೇವಾಲಯ ಕಂಡು ಅತ್ತ ಶಿಷ್ಯನಿಗೆ ರಬ್ಬಿ ಯೋಹಾನಾನ್ ಬೆನ್ ಜಕ್ಕಾಯ್ ಕೊಟ್ಟ ಸಮಾಧಾನಕ್ಕೂ ಹೋಶೇಯನ ಅದೇ ಮಾತು ಆಧಾರ: ದಯೆಯ ಕೆಲಸವೇ ನಮಗೆ ಉಳಿದ ಪ್ರಾಯಶ್ಚಿತ್ತ. ಬಲಿಯ ಹೊತ್ತುಗಳಿಗೆ ಪ್ರಾರ್ಥನೆಗಳನ್ನು ಹೊಂದಿಸಿದರು. ದೇವಾಲಯವಿದ್ದಾಗ ಯಜ್ಞವೇದಿ ಪ್ರಾಯಶ್ಚಿತ್ತ ಮಾಡುತ್ತಿತ್ತು, ಈಗ ಮನುಷ್ಯನ ಊಟದ ಮೇಜು ಮಾಡುತ್ತದೆ ಎಂದು ತಾಲ್ಮೂದ್ ಹೇಳುತ್ತದೆ. ಬಡವನನ್ನು ಕೂರಿಸಿ ಉಣಿಸುವ ಮೇಜು ಎಂದರ್ಥ. ಬರುವ ಕಾಲದಲ್ಲಿ ಎಲ್ಲ ಬಲಿಗಳೂ ನಿಂತುಹೋಗುತ್ತವೆ, ಕೃತಜ್ಞತೆಯ ಬಲಿ ಮಾತ್ರ ನಿಲ್ಲುವುದಿಲ್ಲ ಎಂಬ ಮಾತು ಯಾಜಕಕಾಂಡಕ್ಕೆ ರಬ್ಬಿಗಳು ಬರೆದ ವ್ಯಾಖ್ಯಾನವಾದ ಮಿದ್ರಾಷಿನಲ್ಲಿದೆ. ಅಂದರೆ ಸಮಾಧಾನಯಜ್ಞದ ಒಂದು ಬಗೆಯೇ ಕೊನೆಯವರೆಗೆ ಉಳಿಯುವುದು. ಮುಂದೆ 12ನೇ ಶತಮಾನದಲ್ಲಿ ಯೆಹೂದ್ಯ ಪಂಡಿತ ಮೈಮೊನಿಡೀಸ್, ವಿಗ್ರಹಪೂಜೆಯ ಅಭ್ಯಾಸದಿಂದ ಜನರನ್ನು ಮೆಲ್ಲಗೆ ಬಿಡಿಸಲು ದೇವರು ಬಲಿಗೆ ಒಪ್ಪಿದ ಎಂದು ಬರೆದರೆ, ಅವರ ನಂತರ ಬಂದ ನಹ್ಮನಿಡೀಸ್ ಅದನ್ನು ಕಟುವಾಗಿ ತಳ್ಳಿಹಾಕಿದರು. ಜಗಳ ಯೆಹೂದ್ಯರ ಒಳಗೂ ಮುಗಿದಿಲ್ಲ.

ಕ್ರೈಸ್ತರ ಪ್ರಧಾನ ಉತ್ತರ ಇಬ್ರಿಯರಿಗೆ ಬರೆದ ಪತ್ರಿಕೆ. ಬರೆದವರ ಹೆಸರಿಲ್ಲ, ದೇವಾಲಯ ಬೀಳುವ ಮೊದಲೋ ಆಮೇಲೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕಲ್ಲಿನ ದೇವಾಲಯವನ್ನು ಬಿಟ್ಟು ಮೋಶೆಯ ಗುಡಾರದ ಬಗ್ಗೆಯೇ ಅದು ಮಾತನಾಡುತ್ತದೆ. ಯಾಜಕರು ದಿನದಿನವೂ ಅದದೇ ಬಲಿ ಕೊಡುತ್ತಾರೆ, ಕ್ರಿಸ್ತನು ತನ್ನನ್ನೇ ಒಂದೇ ಬಾರಿ ಎಂದೆಂದಿಗೂ ಕೊಟ್ಟ. ಹೋರಿ, ಹೋತಗಳ ರಕ್ತ ಪಾಪವನ್ನು ತೆಗೆಯಲಾರದು. ಕ್ರಿಸ್ತನು ಯಾಜಕರ ಲೇವಿ ಕುಲದವನಲ್ಲದಿದ್ದರೂ, ಆದಿಕಾಂಡದ ಯಾಜಕ-ರಾಜ ಮೆಲ್ಕಿಜೆದೇಕನ ತರಹದ ಮಹಾಯಾಜಕ. ಈ ವಾದದ ಹರಿತ ಯಾರಿಗೂ ತಟ್ಟುವಂಥದು. ಒಂದು ಕಡೆ ಅದು ರಕ್ತವಿಲ್ಲದೆ ಕ್ಷಮೆಯಿಲ್ಲ ಎನ್ನುತ್ತದೆ. ಆದರೆ ಆ ಸಾಲಿಗೆ 'ಬಹುಮಟ್ಟಿಗೆ' ಎಂಬ ಕಡಿವಾಣವನ್ನೂ ಹಾಕಿದೆ. ಬಡವನ ಹಿಟ್ಟು ಆ ಲೇಖಕನ ನೆನಪಿನಲ್ಲಿ ಇದ್ದಿರಬೇಕು. ವೇದಿಕೆಯ ಮೇಲಿನ ಉಪದೇಶದಲ್ಲಿ ಕಡಿವಾಣ ಬಿದ್ದುಹೋಗಿ ರಕ್ತ ಮಾತ್ರ ಉಳಿದಿದೆ. ಅದೇ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಸ್ತೋತ್ರ ಮಾಡುವುದು, ಉಪಕಾರ ಮಾಡುವುದು, ಇದ್ದದ್ದನ್ನು ಹಂಚಿಕೊಳ್ಳುವುದು, ಇಂಥ ಯಜ್ಞಗಳು ದೇವರಿಗೆ ಮೆಚ್ಚಿಗೆ ಎಂಬ ಮಾತಿದೆ. ಯೋಹಾನಾನ್ ಬೆನ್ ಜಕ್ಕಾಯ್ ಈ ಸಾಲನ್ನು ಓದಿದ್ದರೆ ತಲೆಯಾಡಿಸುತ್ತಿದ್ದರು.

ಆಮೇಲಿನ ಶತಮಾನಗಳಲ್ಲಿ ಮಾತು ಕಹಿಯಾಯಿತು. ಬರ್ನಬನ ಹೆಸರಿನ ಪತ್ರಿಕೆ, ಯೆಹೂದ್ಯರು ಬಲಿಯ ನಿಯಮವನ್ನು ಮೊದಲಿನಿಂದಲೇ ತಪ್ಪಾಗಿ ತಿಳಿದರು ಎಂದಿತು. ಜಸ್ಟಿನ್ ಎಂಬ ಕ್ರೈಸ್ತ ಲೇಖಕ, ಯೆಹೂದ್ಯರ ಹೃದಯದ ಕಾಠಿಣ್ಯಕ್ಕಾಗಿ ಆ ನಿಯಮ ಕೊಡಲಾಯಿತು ಎಂದ. ಮಾರ್ಸಿಯನ್ ಎಂಬ ಬೋಧಕ ಹಳೆಯ ಒಡಂಬಡಿಕೆಯನ್ನೇ ಕಿತ್ತೆಸೆದ; ಸಭೆ ಅವನನ್ನು ಹೊರಹಾಕಿತು, ಆ ಮಟ್ಟಿಗೆ ಒಳ್ಳೆಯದಾಯಿತು. ಸಾರ್ಡಿಸಿನ ಬಿಷಪ್ ಮೆಲಿಟೊ ಪಸ್ಕದ ಕುರಿಯನ್ನು ಅದ್ಭುತವಾಗಿ ವರ್ಣಿಸುತ್ತ ವರ್ಣಿಸುತ್ತ ದೇವರನ್ನೇ ಕೊಂದ ಅಪವಾದವನ್ನು ಇಡೀ ಇಸ್ರಾಯೇಲಿನ ಮೇಲೆ ಹೊರಿಸಿದ. ಆ ಅಪವಾದ ಯೂರೋಪಿನಲ್ಲಿ ಎಷ್ಟು ಜೀವ ತೆಗೆಯಿತು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಿಲ್ಲ. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಸಭೆ 'ನೊಸ್ತ್ರ ಐತಾತೆ' ಘೋಷಣೆಯಲ್ಲಿ ಕ್ರಿಸ್ತನ ಮರಣವನ್ನು ಆಗಿನ ಎಲ್ಲ ಯೆಹೂದ್ಯರ ಮೇಲಾಗಲಿ ಈಗಿನವರ ಮೇಲಾಗಲಿ ಹೊರಿಸಬಾರದು ಎಂದಿತು. ಅಷ್ಟು ಹೇಳಲು ಹತ್ತೊಂಬತ್ತು ಶತಮಾನ ಬೇಕಾದವು.

ನಮ್ಮ ಕಡೆ ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಎತ್ತಿದವರು ಒಬ್ಬ ಶೈವರು. ಜಾಫ್ನಾದ ಆರುಮುಗ ನಾವಲರ್ ಮೆಥಡಿಸ್ಟ್ ಮಿಷನರಿ ಪೀಟರ್ ಪರ್ಸಿವಲ್ ಜೊತೆ ಕೂತು ತಮಿಳು ಬೈಬಲ್ ಅನುವಾದಕ್ಕೆ ದುಡಿದವರು. ಆ ಕೆಲಸಕ್ಕಾಗಿ 1840ರ ದಶಕದ ಕೊನೆಗೆ ಇಬ್ಬರೂ ಮದರಾಸಿಗೆ ಬಂದಿದ್ದರು. ಹಾಗೆ ಬೈಬಲನ್ನು ಪದಪದವಾಗಿ ಓದಿದ ನಾವಲರ್ 1854ರಲ್ಲಿ 'ಶೈವ ದೂಷಣ ಪರಿಹಾರಂ' ಬರೆದು ಮಿಷನರಿಗಳಿಗೆ ಅವರ ಗ್ರಂಥವನ್ನೇ ತಿರುಗಿಸಿ ಹಿಡಿದರು. ದೀಪ, ಧೂಪ, ನೈವೇದ್ಯ, ಶುದ್ಧಿ, ಅರ್ಚಕ, ಗರ್ಭಗುಡಿ ಇವೆಲ್ಲ ಮೂಢತನವೆನ್ನುತ್ತೀರಿ. ನಿಮ್ಮ ದೇವರೇ ಮೋಶೆಗೆ ಇವನ್ನೆಲ್ಲ ವಿಧಿಸಿದ್ದಾನಲ್ಲ, ನಿಮ್ಮ ಯೇಸುವೂ ಆ ದೇವಾಲಯಕ್ಕೆ ಹೋಗುತ್ತಿದ್ದನಲ್ಲ ಎಂಬುದು ಅವರ ವಾದದ ತಿರುಳು. ಅವೆಲ್ಲ ಮುಂಬರುವುದರ ನೆರಳು ಎಂದು ಮಿಷನರಿ ಉತ್ತರಿಸಬಹುದು. ಆದರೆ ನೆರಳು ಪವಿತ್ರವಾಗಿತ್ತು ಎಂದು ಒಪ್ಪಿದವನು ಇನ್ನೊಬ್ಬರ ವಿಧಿಯನ್ನು ಕಂಡು ಗೇಲಿ ಮಾಡುವ ಹಕ್ಕು ಕಳೆದುಕೊಳ್ಳುತ್ತಾನೆ. ನಾವಲರ ಈ ಪೆಟ್ಟು ಸರಿಯಾದ ಜಾಗಕ್ಕೇ ಬಿದ್ದಿದೆ. ಮದರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ತಮಿಳು ಕಲಿಸಿ, 1911ರಲ್ಲಿ ಪಲ್ಲಾವರಂಗೆ ಬಂದು ನೆಲೆಸಿ 1950ರಲ್ಲಿ ತೀರಿಕೊಂಡ ಮರೈಮಲೈ ಅಡಿಗಳೂ ಶೈವ ಪರಂಪರೆಯವರೇ; ಜೀವಹಿಂಸೆಯನ್ನು ಒಪ್ಪದವರು. ಬಲಿಯ ವಿಷಯ ಈ ಊರಿನ ಗಾಳಿಯಲ್ಲೇ ಇದೆ ಎನ್ನಬಹುದು.

ಕನ್ನಡದ ಓದುಗರಿಗೂ ಈ ಚರ್ಚೆ ಹೊಸದಲ್ಲ. ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'ಯಲ್ಲಿ ರಾಜ ತಾಯಿಯ ಮಾತಿಗೆ ಕಟ್ಟುಬಿದ್ದು, ನಿಜವಾದ ಪ್ರಾಣಿ ಬೇಡವೆಂದು ಹಿಟ್ಟಿನ ಕೋಳಿಯನ್ನು ಚಂಡಮಾರಿಗೆ ಕಡಿಯುತ್ತಾನೆ. ಆ ಸಂಕಲ್ಪಹಿಂಸೆಗೇ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನರಳುತ್ತಾರೆ. ಅದೇ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರ ಪರಂಪರೆ ಯಜ್ಞಕ್ಕೆ ಪಿಷ್ಟಪಶುವನ್ನು, ಅಂದರೆ ಹಿಟ್ಟಿನಿಂದ ಮಾಡಿದ ಪಶುವನ್ನು ಒಪ್ಪಿತು. ಒಬ್ಬರಿಗೆ ಹಿಟ್ಟು ಕೊಲೆಯ ಗುರುತು, ಇನ್ನೊಬ್ಬರಿಗೆ ಕೊಲೆಯಿಂದ ಬಿಡುಗಡೆ. ಯಾಜಕಕಾಂಡದ ಬಡವನ ಹಿಟ್ಟು ಇವರಿಬ್ಬರ ನಡುವೆ ಎಲ್ಲಿ ನಿಲ್ಲುತ್ತದೆ? ನನ್ನ ಮಟ್ಟಿಗೆ ಮಧ್ವರ ಕಡೆಗೆ. ಆದರೆ ಜನ್ನನ ಪ್ರಶ್ನೆ ಕ್ರೈಸ್ತರನ್ನು ಬಿಡುವುದಿಲ್ಲ: ಕತ್ತಿ ಕೆಳಗಿಟ್ಟರೂ ಮನಸ್ಸು ಕೊಲೆಯ ಚಿತ್ರದಲ್ಲೇ ನೆಟ್ಟಿದ್ದರೆ ಬಲಿ ನಿಂತಿತೆಂದು ಹೇಳಬಹುದೇ? ದೇವರ ಕೋಪಕ್ಕೆ ಮಗನ ರಕ್ತ ಬೇಕಾಯಿತು ಎಂದೇ ಮಕ್ಕಳಿಗೆ ಪಾಠ ಹೇಳುವವರು ಇದಕ್ಕೆ ಉತ್ತರ ಕೊಡಬೇಕು.

ಹಿಟ್ಟಿನ ಪ್ರಶ್ನೆ ಯೂರೋಪಿನಲ್ಲಿ ರೊಟ್ಟಿಯ ಪ್ರಶ್ನೆಯಾಗಿ ಎದ್ದಿತು. ಕ್ಯಾಥೊಲಿಕರು ರೊಟ್ಟಿ ಅರ್ಪಿಸುವ ಬಲಿಪೂಜೆ ಮತ್ತೊಂದು ಬಲಿ ಎಂಬುದನ್ನು ಲೂಥರ್ 1520ರಲ್ಲಿ ತಿರಸ್ಕರಿಸಿದ; ಇಬ್ರಿಯರ ಪತ್ರಿಕೆಯ 'ಒಂದೇ ಬಾರಿ' ಎಂಬುದೇ ಅವನ ಪಕ್ಷದ ಆಯುಧ. 1562ರ ಸೆಪ್ಟೆಂಬರಿನಲ್ಲಿ ಕ್ಯಾಥೊಲಿಕರ ಟ್ರೆಂಟ್ ಸಭೆ, ಶಿಲುಬೆಯ ಅದೇ ಬಲಿ ರಕ್ತಪಾತವಿಲ್ಲದೆ ಪೂಜೆಯಲ್ಲಿ ಸನ್ನಿಹಿತವಾಗುತ್ತದೆ ಎಂದು ವಿಧಿಸಿತು. ಪರಂಗಿಮಲೆಯ ಕಲ್ಲು ರಕ್ತ ಬೆವರಿದ್ದಾಗಿ ಹೇಳುವ ವರ್ಷಕ್ಕೂ ಇದಕ್ಕೂ ನಾಲ್ಕೇ ವರ್ಷದ ಅಂತರ. ಅಂದಿನ ಕ್ಯಾಥೊಲಿಕ್ ಭಕ್ತಿ ಯಾವುದರಲ್ಲಿ ಮುಳುಗಿತ್ತು ಎಂಬುದು ಎರಡರಿಂದಲೂ ತಿಳಿಯುತ್ತದೆ. ಇವತ್ತಿಗೂ ತಮಿಳು ಕ್ಯಾಥೊಲಿಕರಿಗೆ ಆ ಪೂಜೆ ತಿರುಪ್ಪಲಿ, ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಸಭೆಯಾದ ಸಿಎಸ್‌ಐನವರಿಗೆ ತಿರುವಿರುಂದು. ಒಬ್ಬರದು ಬಲಿ, ಒಬ್ಬರದು ಔತಣ. 1982ರಲ್ಲಿ ಪೆರುವಿನ ಲಿಮಾದಲ್ಲಿ ಹಲವು ಸಭೆಗಳ ಪ್ರತಿನಿಧಿಗಳು ಒಪ್ಪಿದ ದಾಖಲೆ, ಅದನ್ನು ಬಲಿಯ ಜೀವಂತ ಸ್ಮರಣೆ ಎಂದು ಕರೆದು ಅಂತರ ಕಡಿಮೆ ಮಾಡಲು ನೋಡಿತು. ಸಮಾಧಾನಯಜ್ಞವನ್ನು ನೆನೆದಿದ್ದರೆ ಈ ಜಗಳ ಇಷ್ಟು ಬೆಳೆಯುತ್ತಿರಲಿಲ್ಲ. ಅಲ್ಲಿ ಬಲಿಯೂ ಔತಣವೂ ಒಂದೇ ಕ್ರಿಯೆ, ತಿನ್ನದಿದ್ದರೆ ಯಜ್ಞ ಪೂರ್ತಿಯಾಗುವುದಿಲ್ಲ. ಯೇಸುವಿನ ಕಡೆಯ ರಾತ್ರಿಯ ಊಟ ಕೃತಜ್ಞತೆಯ ಬಲಿಯ ಪರಂಪರೆಯಿಂದಲೇ ಬೆಳೆಯಿತೆಂದು ಜರ್ಮನಿಯ ಹಾರ್ಟ್‌ಮುಟ್ ಗೇಝೆ ವಾದಿಸಿದರು. ಎಲ್ಲರೂ ಒಪ್ಪಿಲ್ಲ, ನನಗೆ ಬಹುಮಟ್ಟಿಗೆ ಸರಿಯೆನಿಸುತ್ತದೆ.

ಪಂಡಿತರು ಮರೆತದ್ದನ್ನು ಜನ ಮರೆಯಲಿಲ್ಲ. ಪರಂಗಿಮಲೆಗೆ ಹತ್ತುವ ಮೆಟ್ಟಿಲುಗಳನ್ನು 18ನೇ ಶತಮಾನದಲ್ಲಿ ಕಟ್ಟಿಸಿದವರು ಆರ್ಮೇನಿಯನ್ ವ್ಯಾಪಾರಿ ಖೋಜಾ ಪೆಟ್ರಸ್ ಉಸ್ಕಾನ್. ಅವರ ನಾಡಿನ ಪ್ರಾಚೀನ ಸಭೆಯಲ್ಲಿ ಮತಾಘ್ ಎಂಬ ಪದ್ಧತಿ ಇವತ್ತಿಗೂ ಇದೆ. ಪಾದ್ರಿ ಉಪ್ಪನ್ನು ಆಶೀರ್ವದಿಸುತ್ತಾರೆ, ಕುರಿಯನ್ನೋ ಕೋಳಿಯನ್ನೋ ಕೊಯ್ದು, ಬೇಯಿಸಿ, ಬಡವರಿಗೆ ನೆರೆಯವರಿಗೆ ಹಂಚುತ್ತಾರೆ. ಇದು ಪಾಪಕ್ಕಾಗಿ ಕೊಡುವ ಬಲಿಯಲ್ಲ, ಕರುಣೆಯ ದಾನ ಎಂದು ಆ ಸಭೆ ಸ್ಪಷ್ಟವಾಗಿ ಹೇಳುತ್ತದೆ. ಯಾಜಕಕಾಂಡದ ಭಾಷೆಯಲ್ಲಿ ಅದಕ್ಕೆ ಹೆಸರು ಆಗಲೇ ಇದೆ.

ತಮಿಳುನಾಡಿನಲ್ಲೇ ಇನ್ನೂ ತೆಂಕಣಕ್ಕೆ, ರಾಮನಾಥಪುರದ ಕಡೆಯ ಓರಿಯೂರಿನಲ್ಲಿ, 1693ರ ಫೆಬ್ರವರಿ 4ರಂದು ಜಾನ್ ಡಿ ಬ್ರಿಟೊ ಎಂಬ ಜೆಸ್ವಿಟ್ ಪಾದ್ರಿಯ ತಲೆ ಕಡಿದರು. ಅಲ್ಲಿನ ಮಣ್ಣು ಕೆಂಪಾದದ್ದು ಅವರ ರಕ್ತದಿಂದ ಎಂದು ಜನ ಹೇಳುತ್ತಾರೆ. ಹರಕೆ ಹೊತ್ತ ಭಕ್ತರು, ಕ್ರೈಸ್ತರೂ ಹಿಂದೂಗಳೂ, ಅಲ್ಲಿಗೆ ಆಡು ಕೋಳಿ ತಂದು ಕೊಯ್ದು ಅಡುಗೆ ಮಾಡಿ ಬಂದವರಿಗೆಲ್ಲ ಬಡಿಸುತ್ತಾರೆ. ವಿದ್ಯಾವಂತ ಕ್ರೈಸ್ತರು ಇದನ್ನು ಹಳ್ಳಿಯ ದೇವರ ಪದ್ಧತಿ ನುಸುಳಿದ್ದೆಂದು ಮುಖ ಸಿಂಡರಿಸುತ್ತಾರೆ. ಆ ಹರಕೆಯ ಬೇರು ಹಳ್ಳಿಯ ಮಾರಿಗುಡಿಗಳಲ್ಲಿದೆ ಎಂಬುದು ನಿಜವೇ. ಆದರೆ ಮೋಶೆಯ ನಿಯಮ ಬಲ್ಲ ಯಾರಾದರೂ ಆ ಊಟದ ಸಾಲಿನಲ್ಲಿ ಕೂತರೆ ಹರಕೆ, ವಧೆ, ಪಾಲು, ಹಂಚಿಕೆ ಎಲ್ಲವನ್ನೂ ಗುರುತು ಹಿಡಿಯುತ್ತಾರೆ. ಕೊಲ್ಲುವುದನ್ನು ನಾನು ಸಮರ್ಥಿಸುತ್ತಿಲ್ಲ. ಕರ್ನಾಟಕ 1959ರಲ್ಲಿ ಪ್ರಾಣಿಬಲಿ ತಡೆಗೆ ಕಾಯಿದೆ ಮಾಡಿದೆ. ತಮಿಳುನಾಡು 1950ರ ತನ್ನ ಕಾಯಿದೆಯನ್ನು 2003ರಲ್ಲಿ ಬಿಗಿಯಾಗಿ ಜಾರಿಗೆ ತರಲು ಹೋಗಿ, ಹಳ್ಳಿಗರ ವಿರೋಧಕ್ಕೆ ಮಣಿದು 2004ರಲ್ಲಿ ರದ್ದುಪಡಿಸಿತು. ಆ ವಾದ ಬೇರೆ. ಇಲ್ಲಿ ಉಳಿದುಕೊಂಡದ್ದು ಊಟ, ಅದನ್ನು ಕಳೆದುಕೊಳ್ಳಬಾರದು.

ಕೊಲ್ಲದೆಯೂ ಅದನ್ನು ಉಳಿಸಿಕೊಳ್ಳಬಹುದು ಎಂಬುದಕ್ಕೆ ತೋಮನ ಹೆಸರು ಹೇಳುವ ಮಲಯಾಳಿ ಕ್ರೈಸ್ತರೇ ಸಾಕ್ಷಿ. ಯಾಜಕಕಾಂಡ ಕಾಣಿಕೆಗೆ ಹೇಳುವ ಕೊರ್ಬಾನ್ ಎಂಬ ಹೆಸರೇ ಸಿರಿಯಾಕಿನ ದಾರಿಯಲ್ಲಿ ಬಂದು ಅವರ ಕುರ್ಬಾನವಾಗಿದೆ. ಶುಭಶುಕ್ರವಾರದ ಹಿಂದಿನ ರಾತ್ರಿ ಅವರ ಮನೆಗಳಲ್ಲಿ ಪೆಸಹಾ ಅಪ್ಪಂ. ಹುಳಿಯಿಲ್ಲದ ಅಕ್ಕಿ ಉದ್ದಿನ ಹಿಟ್ಟು, ಮೇಲೆ ಗರಿಗಳ ಭಾನುವಾರ ತಂದ ಗರಿಯ ಶಿಲುಬೆ, ಜೊತೆಗೆ ಬೆಲ್ಲ ತೆಂಗಿನಹಾಲಿನ ಪಾಲ್. ಮನೆಯ ಹಿರಿಯರು ಪ್ರಾರ್ಥಿಸಿ ಮುರಿದು ವಯಸ್ಸಿನ ಕ್ರಮದಲ್ಲಿ ಎಲ್ಲರಿಗೂ ಕೊಡುತ್ತಾರೆ. ಆ ವರ್ಷ ಸಾವಾದ ಮನೆಯಲ್ಲಿ ಅಪ್ಪಂ ಮಾಡುವುದಿಲ್ಲ, ನೆರೆಯವರು ತಂದುಕೊಡುತ್ತಾರೆ. ಪಾದ್ರಿಯಿಲ್ಲ, ಪೀಠವಿಲ್ಲ, ಕುರಿಯಿಲ್ಲ. ದೇವಾಲಯ ಸುಟ್ಟಮೇಲೆ ಯೆಹೂದ್ಯರ ಮನೆಗಳಲ್ಲಿ ಪಸ್ಕ ಉಳಿದದ್ದೂ ಹೀಗೆಯೇ, ಕುರಿಯಿಲ್ಲದ ಮೇಜಿನ ಸುತ್ತ. ಮೆಲಿಟೊನ ಕಹಿ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಇಷ್ಟಾದರೂ ಸಾಮಾನ್ಯ ಕ್ರೈಸ್ತರ ಕಿವಿಗೆ ಈ ನಿಯಮ ಬೀಳುವುದೇ ಅಪರೂಪ. ಕ್ಯಾಥೊಲಿಕ್ ಸಭೆಯ ಮೂರು ವರ್ಷದ ಭಾನುವಾರದ ವಾಚನಗಳಲ್ಲಿ ಯಾಜಕಕಾಂಡ ಬರುವುದು ಎರಡೇ ಸಲ. ಒಮ್ಮೆ ಕುಷ್ಠದ ಕಟ್ಟಳೆ, ಒಮ್ಮೆ ನೆರೆಯವನನ್ನು ಪ್ರೀತಿಸುವ ಆಜ್ಞೆ. ಬಲಿಗಳನ್ನು ವಿವರಿಸುವ ಅಧ್ಯಾಯಗಳಲ್ಲಿ ಒಂದೂ ಇಲ್ಲ. ಪ್ರತಿ ವಾರ ಬಲಿಪೂಜೆಗೆ ಬರುವವರು ಬಲಿಯ ನಿಯಮವನ್ನು ಒಮ್ಮೆಯೂ ಕೇಳದೆ ಮನೆಗೆ ಹೋಗುತ್ತಾರೆ. ಬಡವನ ಹಿಟ್ಟಿನ ಐದನೇ ಅಧ್ಯಾಯವನ್ನೂ, ಅದೇ ದಿನ ಹಂಚಿ ತಿನ್ನಬೇಕೆನ್ನುವ ಏಳನೇ ಅಧ್ಯಾಯವನ್ನೂ ವರ್ಷಕ್ಕೊಮ್ಮೆಯಾದರೂ ಪೀಠದಿಂದ ಓದಿಸಬೇಕು. ಓದಿದ ದಿನವೇ ಚರ್ಚಿನ ಅಂಗಳದಲ್ಲಿ ಎಲೆ ಹಾಸಿ, ಗುಡ್ಡದ ಕೆಳಗಿನ ಯಾರು ಬಂದರೂ ಊಟ ಬಡಿಸಬೇಕು.